ಯಾವ ಕೆಲಸದಲ್ಲಿ ನಿಜವಾಗಿ ದುಡ್ಡು ಉಳಿಯಿತು? ಓವರ್‌ಹೆಡ್ ಹಂಚುವ ದಾರಿಗಳ ಹೋಲಿಕೆ

ಮೂರು ತಿಂಗಳ ಲೆಕ್ಕ ಮುಗಿಸಿ ಹಾಳೆ ಮುಂದಿಟ್ಟಾಗ ಸಂಸ್ಥೆಯ ಮಾಲೀಕರು ಕೇಳಿದ್ದು ಒಂದೇ ಮಾತು. "ಒಟ್ಟು ಐದು ಲಕ್ಷ ಉಳಿದಿದೆ ಅಂತೀರಿ ಮೇಡಂ, ಸರಿ. ಮೂರು ಕೆಲಸ ಮಾಡಿದ್ವಲ್ಲ, ಯಾವುದರಲ್ಲಿ ಉಳೀತು?"

ಅವರದು ಬೆಂಗಳೂರಿನ ಒಂದು ಚಿಕ್ಕ ಇಂಟೀರಿಯರ್ ಸಂಸ್ಥೆ. ಪೀಣ್ಯದಲ್ಲಿ ಬಾಡಿಗೆ ಶೆಡ್ಡು, ಅದರಲ್ಲಿ ಒಂದು ಪ್ಯಾನೆಲ್ ಸಾ, ಒಂದು ಎಡ್ಜ್ ಬ್ಯಾಂಡಿಂಗ್ ಮೆಷಿನ್, ಒಂದು ಸಿಎನ್‌ಸಿ ರೂಟರ್. ರಾಜಾಜಿನಗರದಲ್ಲಿ ಆಫೀಸು. ಇಬ್ಬರು ಡಿಸೈನರ್, ಇಬ್ಬರು ಸೈಟ್ ಸೂಪರ್‌ವೈಸರ್. ನಾನು ಅವರ ಲೆಕ್ಕ ನೋಡುತ್ತೇನೆ. ಆ ಪ್ರಶ್ನೆಗೆ ನಾನು ತಕ್ಷಣ ಬಾಯಿಬಿಡಲಿಲ್ಲ, ಯಾಕಂದ್ರೆ ಮೂರೂ ಕೆಲಸಕ್ಕೆ ಸೇರಿದ ಖರ್ಚನ್ನು (ಓವರ್‌ಹೆಡ್) ಹಂಚುವ ದಾರಿಗೊಂದರಂತೆ ನನ್ನ ಹತ್ತಿರ ಐದು ಉತ್ತರ ಇದ್ದವು, ಯಾವುದನ್ನು ಕೂಡಿಸಿದರೂ ಸರಿಯಾಗಿ ಐದು ಲಕ್ಷಕ್ಕೇ ಬರುತ್ತಿತ್ತು, ಆದರೆ ಒಂದರಲ್ಲಿ ಮೊದಲಿದ್ದ ಕೆಲಸ ಇನ್ನೊಂದರಲ್ಲಿ ಕೊನೆಗೆ ಹೋಗುತ್ತಿತ್ತು.

ಅವರ ಮನಸ್ಸಿನಲ್ಲಿ ಆಗಲೇ ಒಂದು ತೀರ್ಮಾನ ಇತ್ತು. ಇನ್ನು ಮೇಲೆ ಮನೆ ಕೆಲಸ ಮಾತ್ರ ಹಿಡಿಯೋಣ, ಆಫೀಸು ಕೆಲಸದಲ್ಲಿ ಏನೂ ಗಿಟ್ಟಲ್ಲ ಅಂತ. ಅದು ತಪ್ಪು ತೀರ್ಮಾನ ಆಗಿತ್ತು. ಎಷ್ಟೋ ಜನ ಕಷ್ಟಪಟ್ಟು ದುಡಿದು, ಲೆಕ್ಕ ಹಂಚಿದ ರೀತಿಯಿಂದಲೇ ಹೀಗೆ ದಾರಿ ತಪ್ಪುವುದನ್ನು ನೋಡಿದ್ದೇನೆ. ಅದಕ್ಕೇ ಇಷ್ಟು ಉದ್ದಕ್ಕೆ ಬರೆಯುತ್ತಿದ್ದೇನೆ.

ಅಂಕಿಗಳನ್ನು ದುಂಡು ಮಾಡಿದ್ದೇನೆ, ಜಾಗದ ಹೆಸರು ಬದಲಿಸಿದ್ದೇನೆ. ಜಿಎಸ್‌ಟಿ ಎಲ್ಲೂ ಸೇರಿಸಿಲ್ಲ. ಅದು ಪಾರ್ಟಿಯಿಂದ, ಅಂದರೆ ಗಿರಾಕಿಯಿಂದ, ತಗೊಂಡು ಸರ್ಕಾರಕ್ಕೆ ಕಟ್ಟುವ ದುಡ್ಡು. ಖರೀದಿಯ ಮೇಲೆ ಕ್ರೆಡಿಟ್ ಸಿಗುವಷ್ಟು ಜಿಎಸ್‌ಟಿಯೂ ಖರ್ಚಿನಲ್ಲಿ ಬರಬಾರದು.

ಮೂರು ಕೆಲಸ, ಒಂದು ರಾಶಿ ಖರ್ಚು

ವೈಟ್‌ಫೀಲ್ಡ್‌ನಲ್ಲಿ ಒಂದು ಆಫೀಸು. ಬಿಲ್ಲು 40 ಲಕ್ಷ, ನೇರ ಖರ್ಚು 31 ಲಕ್ಷ, ಉಳಿದದ್ದು 9 ಲಕ್ಷ. ಎಲ್ಲ ಒಂದೇ ಅಳತೆಯ ಟೇಬಲ್ಲು, ಒಂದೇ ಬಣ್ಣದ ಬೀರು. ಡ್ರಾಯಿಂಗ್‌ಗೆ ಒಮ್ಮೆ ಸಹಿ ಬಿದ್ದ ಮೇಲೆ ಯಾರೂ ಮಾತಾಡಲಿಲ್ಲ.

ತುಮಕೂರಿನಲ್ಲಿ ಒಂದು ಕ್ಲಿನಿಕ್. ಬಿಲ್ಲು 20 ಲಕ್ಷ, ನೇರ ಖರ್ಚು 14.5, ಉಳಿದದ್ದು 5.5.

ರಾಜರಾಜೇಶ್ವರಿ ನಗರದಲ್ಲಿ (ಆರ್ ಆರ್ ನಗರ) ಒಂದು ಮನೆ. ಬಿಲ್ಲು 15 ಲಕ್ಷ, ನೇರ ಖರ್ಚು 9.5, ಉಳಿದದ್ದು ಇಲ್ಲೂ 5.5.

ನೇರ ಖರ್ಚು ಅಂದರೆ ಪ್ಲೈವುಡ್, ಲ್ಯಾಮಿನೇಟ್, ಹಿಂಜು, ಚಾನೆಲ್ಲು, ಸೈಟಿನ ಕಾರ್ಪೆಂಟರ್ ಕೂಲಿ, ಲಾರಿ ಬಾಡಿಗೆ. ಈ ಕೆಲಸ ಇಲ್ಲದಿದ್ದರೆ ಈ ಖರ್ಚು ಇರುತ್ತಿರಲಿಲ್ಲ ಅಂತ ಬೆರಳಿಟ್ಟು ತೋರಿಸಬಹುದಾದದ್ದು. ಇಷ್ಟನ್ನೇ ನೋಡಿದರೆ ಮನೆ ಕೆಲಸದಲ್ಲಿ ನೂರಕ್ಕೆ 36 ರೂಪಾಯಿಗಿಂತ ಜಾಸ್ತಿ ಉಳಿದಿದೆ, ಆಫೀಸಿನಲ್ಲಿ ಬರೀ 22.5. ಮಾಲೀಕರು ನೋಡಿದ್ದು ಇದನ್ನೇ.

ಇನ್ನು ಮೂರಕ್ಕೂ ಸೇರಿದ ಖರ್ಚು, ಅಂದರೆ ಓವರ್‌ಹೆಡ್, ಮೂರು ತಿಂಗಳಿಗೆ 15 ಲಕ್ಷ. ಡಿಸೈನರ್ ಮತ್ತು ಸೂಪರ್‌ವೈಸರ್ ಸಂಬಳ 6 ಲಕ್ಷ. ಶೆಡ್ಡಿನ ಬಾಡಿಗೆ, ಮೆಷಿನ್ ಸವಕಳಿ, ರಿಪೇರಿ, ಬೆಸ್ಕಾಂ ಬಿಲ್ಲು, ಆಪರೇಟರ್ ಸಂಬಳ ಎಲ್ಲ ಸೇರಿ 4.5 ಲಕ್ಷ. ಆಫೀಸು ಬಾಡಿಗೆ, ಲೆಕ್ಕದವರು, ಆಡಿಟ್ ಫೀಸು, ಸಾಫ್ಟ್‌ವೇರ್, ಮಾಲೀಕರ ಸಂಬಳ ಸೇರಿ ಇನ್ನೊಂದು 4.5 ಲಕ್ಷ. ಮಾಲೀಕರ ಸಂಬಳ ಬಿಡಬೇಡಿ. ಅವರು ಬೇರೆ ಕಡೆ ಕೆಲಸಕ್ಕೆ ಹೋಗಿದ್ದರೆ ಸಿಗುತ್ತಿದ್ದ ಸಂಬಳವನ್ನಾದರೂ ಹಾಕಿ. ಅದನ್ನು ಬಿಟ್ಟು ತೋರಿಸುವ ಲಾಭದಲ್ಲಿ ಒಂದು ಪಾಲು ಅವರದೇ ಕೂಲಿ ಇರುತ್ತದೆ.

ಹಂಚುವ ಮೊದಲು ರಾಶಿ ಕಡಿಮೆ ಮಾಡಿ

ಯಾವ ದಾರಿ ಒಳ್ಳೆಯದು ಅಂತ ಚರ್ಚೆ ಮಾಡುವ ಮೊದಲು ಇದೊಂದು ಕೆಲಸ ಮಾಡಿ. ನಮ್ಮಲ್ಲಿ ಓವರ್‌ಹೆಡ್ ಅಂತ ಕರೆಯುವುದರಲ್ಲಿ ಸಾಕಷ್ಟು ಪಾಲು ಓವರ್‌ಹೆಡ್ಡೇ ಅಲ್ಲ, ವೋಚರ್ ಬರೆಯುವಾಗ ಕೆಲಸದ ಹೆಸರು ಹಾಕದೆ ಬಿಟ್ಟದ್ದು ಅಷ್ಟೇ. ತುಮಕೂರಿಗೆ ಹೋಗಿಬಂದ ಡೀಸೆಲ್ಲು, ಅಲ್ಲಿ ರಾತ್ರಿ ಉಳಿದ ಲಾಡ್ಜು, ಅಳತೆ ತಪ್ಪಿ ಮತ್ತೆ ಮಾಡಿದ ಎರಡು ಶಟರ್, ಸ್ಯಾಂಪಲ್ ಕೊರಿಯರ್. ಇವೆಲ್ಲ "ಪ್ರಯಾಣ", "ಇತರೆ" ಅನ್ನುವ ಖಾತೆಗಳಲ್ಲಿ ಹೋಗಿ ಕೂತಿರುತ್ತವೆ. ಆಮೇಲೆ ಅದನ್ನು ಹಂಚುವಾಗ ತುಮಕೂರಿನ ಡೀಸೆಲ್ಲು ವೈಟ್‌ಫೀಲ್ಡ್ ಆಫೀಸಿನ ತಲೆ ಮೇಲೆ ಬೀಳುತ್ತದೆ.

ಟ್ಯಾಲಿ ಲೆಕ್ಕದ ಸಾಫ್ಟ್‌ವೇರ್ ಬಳಸುವವರು ಎಫ್11 ಒತ್ತಿ ಕಾಸ್ಟ್ ಸೆಂಟರ್ (ಖರ್ಚನ್ನು ಕೆಲಸವಾರು ಬೇರೆ ಮಾಡುವ ಸೌಲಭ್ಯ) ಆನ್ ಮಾಡಿ, ಪ್ರತಿ ಕೆಲಸಕ್ಕೂ ಒಂದು ಕಾಸ್ಟ್ ಸೆಂಟರ್ ತೆರೆದರೆ ಸಾಕು. ವೋಚರ್ ಹಾಕುವಾಗ ಅದು ತಾನಾಗಿಯೇ ಯಾವ ಕೆಲಸ ಅಂತ ಕೇಳುತ್ತದೆ. ಬೇರೆ ಯಾವ ಬುದ್ಧಿವಂತಿಕೆಯ ಹಂಚಿಕೆಗಿಂತ ಇದರಿಂದಲೇ ಜಾಸ್ತಿ ಸತ್ಯ ಹೊರಬರುತ್ತದೆ ಅಂತ ನನಗೆ ಅನುಭವದಿಂದ ಗೊತ್ತಾಗಿದೆ.

ಬಡ್ಡಿಯೂ ಹಾಗೇ. ಒಬ್ಬ ಪಾರ್ಟಿ 10 ಲಕ್ಷ ನಾಲ್ಕು ತಿಂಗಳು ತಡೆಹಿಡಿದರೆ, ನಿಮ್ಮ ಓಡಿಗೆ (ಬ್ಯಾಂಕಿನ ಓವರ್‌ಡ್ರಾಫ್ಟ್ ಸಾಲ) ವರ್ಷಕ್ಕೆ 12 ಪರ್ಸೆಂಟ್ ಬಡ್ಡಿ ಇದ್ದರೆ, 40 ಸಾವಿರ ಹೋಯಿತು. ಆ 40 ಸಾವಿರ ಆ ಪಾರ್ಟಿಯ ಕೆಲಸದ್ದೇ ಖರ್ಚು. ಎಲ್ಲರಿಗೂ ಹಂಚಿದರೆ ಸರಿಯಾಗಿ ಅಡ್ವಾನ್ಸ್ ಕೊಟ್ಟವರಿಗೆ ಅನ್ಯಾಯ, ಅಲ್ವಾ?

ಈಗ ದಾರಿಗಳು

ಮೊದಲು ಎಲ್ಲರೂ ಮಾಡುವ ಸುಲಭದ ದಾರಿಗಳು. ಮೂರು ಕೆಲಸ ಇದೆ, 15 ಲಕ್ಷ ಇದೆ, ತಲಾ ಐದು ಅಂತ ಸಮಪಾಲು ಮಾಡುವುದು ಒಂದು. ಎಲ್ಲ ಕೆಲಸವೂ ಒಂದೇ ಗಾತ್ರದ್ದು, ಒಂದೇ ಥರದ್ದು ಆಗಿದ್ದರೆ ಸರಿ. ಒಂದೇ ಲೇಔಟಿನಲ್ಲಿ ಒಂದೇ ನಕ್ಷೆಯ ಮನೆ ಕಟ್ಟುವವರಿಗೆ ಸರಿಹೋಗಬಹುದು. ಇಲ್ಲಿ 40 ಲಕ್ಷದ ಕೆಲಸಕ್ಕೂ 15 ಲಕ್ಷದ ಕೆಲಸಕ್ಕೂ ಒಂದೇ ಪಾಲು ಅಂದರೆ ಒಪ್ಪುವ ಮಾತಲ್ಲ.

ಎರಡನೆಯದು ಬಿಲ್ಲಿನ ಮೊತ್ತದ ಮೇಲೆ ಹಂಚುವುದು. 75 ಲಕ್ಷ ಬಿಲ್ಲಿಗೆ 15 ಲಕ್ಷ, ಅಂದರೆ 20 ಪರ್ಸೆಂಟ್. ಲೆಕ್ಕ ಎರಡು ನಿಮಿಷದಲ್ಲಿ ಮುಗಿಯುತ್ತದೆ. ಆದರೆ ಇದು ಜಾಸ್ತಿ ದುಡ್ಡು ತಂದವನ ಮೇಲೆ ಜಾಸ್ತಿ ಹೊರೆ ಹಾಕುತ್ತದೆ, ಜಾಸ್ತಿ ಕೆಲಸ ಕೊಟ್ಟವನ ಮೇಲಲ್ಲ. ಇನ್ನೂ ಒಂದು ತೊಂದರೆ ಇದೆ. ನೀವು ಚೌಕಾಶಿಯಲ್ಲಿ ಸೋತು ರೇಟು ಇಳಿಸಿದರೆ ಆ ಕೆಲಸದ ಓವರ್‌ಹೆಡ್ ಪಾಲೂ ಇಳಿದುಬಿಡುತ್ತದೆ, ಸೂಪರ್‌ವೈಸರ್ ಅಷ್ಟೇ ಸಲ ಬೈಕ್ ಹತ್ತಿ ಸೈಟಿಗೆ ಹೋಗಿದ್ದರೂ. ಡಿಸ್ಕೌಂಟಿನ ನೋವು ಲೆಕ್ಕದಲ್ಲಿ ಒಂದಷ್ಟು ಮುಚ್ಚಿಹೋಗುತ್ತದೆ.

ಮೂರನೆಯದು ನೇರ ಖರ್ಚಿನ ಮೇಲೆ ಹಂಚುವುದು. 55 ಲಕ್ಷಕ್ಕೆ 15 ಲಕ್ಷ, ಸುಮಾರು 27 ಪರ್ಸೆಂಟ್. ಕಂಟ್ರಾಕ್ಟರುಗಳಲ್ಲಿ ಇದೇ ಹೆಚ್ಚು ರೂಢಿ, "ಮೆಟೀರಿಯಲ್ ಮತ್ತು ಲೇಬರ್ ಮೇಲೆ ಇಷ್ಟು ಪರ್ಸೆಂಟ್ ಹಾಕ್ತೀವಿ" ಅನ್ನುತ್ತಾರಲ್ಲ, ಅದು. ನನಗೆ ಈ ದಾರಿ ಮೇಲೆ ಎಲ್ಲಕ್ಕಿಂತ ಹೆಚ್ಚು ತಕರಾರಿದೆ. ಪಾರ್ಟಿ ದುಬಾರಿ ಹಿಂಜು ಬೇಕು ಅಂದರೆ, ಸಾಮಾನು ಬೆಲೆ ದುಪ್ಪಟ್ಟಾಗುತ್ತದೆ. ಅದನ್ನು ಕೂರಿಸುವ ಕೆಲಸ ಅಷ್ಟೇ, ಡ್ರಾಯಿಂಗ್ ಅಷ್ಟೇ, ಫೋನು ಅಷ್ಟೇ. ಆದರೆ ಆಫೀಸು ಬಾಡಿಗೆಯಲ್ಲಿ ಅದರ ಪಾಲು ಸುಮ್ನೆ ಏರಿಬಿಡುತ್ತದೆ. ಮೆಟೀರಿಯಲ್ ಜಾಸ್ತಿ ಇರುವ ದೊಡ್ಡ ನಿರಾಳ ಕೆಲಸ ನಷ್ಟದ ಹಾಗೆ ಕಾಣುತ್ತದೆ, ಮೆಟೀರಿಯಲ್ ಕಡಿಮೆ ಇದ್ದು ದಿನಾ ತಲೆ ತಿನ್ನುವ ಕೆಲಸ ಬಂಗಾರದ ಹಾಗೆ ಕಾಣುತ್ತದೆ. ನಮ್ಮ ಮೂರು ಕೆಲಸದಲ್ಲಿ ಆದದ್ದೂ ಅದೇ. ಆಫೀಸಿನಲ್ಲಿ ಬರೀ 55 ಸಾವಿರ ಉಳಿಯಿತು ಅಂತ ಬಂತು, ಮನೆಯಲ್ಲಿ 2.9 ಲಕ್ಷ.

ನಾಲ್ಕನೆಯದು ಜನರ ಗಂಟೆಯ ಮೇಲೆ ಹಂಚುವುದು. ಇದಕ್ಕೆ ಗಂಟೆ ಎಷ್ಟು ಅಂತ ಗೊತ್ತಿರಬೇಕು. ನಮಗೆ ಗೊತ್ತಿರಲಿಲ್ಲ. ಹಿರಿಯ ಸೂಪರ್‌ವೈಸರ್ ಒಬ್ಬರ ಹತ್ತಿರ ಅಂಗಿ ಜೇಬಿಗೆ ಹಿಡಿಯುವ ಒಂದು ನೋಟ್‌ಬುಕ್ ಇತ್ತು. ಪೆಟ್ರೋಲ್ ದುಡ್ಡು ಕೇಳುವುದಕ್ಕೆ ಅಂತ ಅವರು ದಿನಾ ಎಲ್ಲಿ ಹೋದೆ, ಎಷ್ಟಕ್ಕೆ ಹೋದೆ, ಎಷ್ಟಕ್ಕೆ ಬಂದೆ ಅಂತ ಬರೆದಿಟ್ಟಿದ್ದರು. ಪುಟ ತಿರುವಿದ ಹಾಗೆಲ್ಲ "ಆರ್ ಆರ್ ನಗರ", "ಆರ್ ಆರ್ ನಗರ", "ಆರ್ ಆರ್ ನಗರ". ಮಧ್ಯೆ ಎಲ್ಲೋ ಒಂದು ವೈಟ್‌ಫೀಲ್ಡ್. ಆಮೇಲೆ ವಾಟ್ಸಾಪ್ ಗುಂಪು ತೆರೆದು ನೋಡಿದೆವು. ಮನೆಯವರ ಪೂಜಾ ಕೋಣೆಯ ಬಾಗಿಲಿನ ಜಾಲರಿ ಡಿಸೈನು ಏಳು ಸಲ ಬದಲಾಗಿತ್ತು. ಪ್ರತಿ ಸಲವೂ ಡಿಸೈನರ್ ಹೊಸ ಡ್ರಾಯಿಂಗ್ ಮಾಡಿದ್ದಾರೆ, ಹೊಸ ತ್ರೀಡಿ ಚಿತ್ರ ಕಳಿಸಿದ್ದಾರೆ. ಆ ಏಳು ಚಿತ್ರ ಒಂದರ ಕೆಳಗೊಂದು ನೋಡುತ್ತಾ ಮಾಲೀಕರು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ.

ಎರಡನ್ನೂ ಜೋಡಿಸಿ ಒಂದು ಅಂದಾಜಿಗೆ ಬಂದೆವು. ನಾಲ್ಕು ಜನರ ಸಮಯದಲ್ಲಿ ಆಫೀಸಿಗೆ 400 ಗಂಟೆ, ಕ್ಲಿನಿಕ್ಕಿಗೆ 400, ಮನೆಗೆ 800. ಅತಿ ಚಿಕ್ಕ ಬಿಲ್ಲು, ಅತಿ ಹೆಚ್ಚು ಗಂಟೆ. ಒಟ್ಟು 1,600 ಗಂಟೆಗೆ 15 ಲಕ್ಷ ಹಂಚಿದರೆ ಗಂಟೆಗೆ ಸುಮಾರು 938 ರೂಪಾಯಿ. ಆಗ ಮನೆಯ ಪಾಲಿಗೆ 7.5 ಲಕ್ಷ ಬಂತು. ಅಂದರೆ ಮನೆ ಕೆಲಸದಲ್ಲಿ 2 ಲಕ್ಷ ನಷ್ಟ!

ಇದೂ ಪೂರ್ತಿ ಸರಿ ಅಲ್ಲ. ಯಾಕಂದ್ರೆ ಶೆಡ್ಡಿನ ಬಾಡಿಗೆ, ಮೆಷಿನ್ ಸವಕಳಿ ಇವನ್ನು ಡಿಸೈನರ್ ಗಂಟೆ ಮೇಲೆ ಹಂಚುವುದಕ್ಕೆ ಯಾವ ಆಧಾರವೂ ಇಲ್ಲ. ಮೆಷಿನ್ ಜಾಸ್ತಿ ಓಡಿದ್ದು ಆಫೀಸಿನ ಟೇಬಲ್ಲುಗಳಿಗೆ. ಪೂಜಾ ಕೋಣೆ ಏಳು ಸಲ ಬದಲಾಗಿದ್ದು ಕಂಪ್ಯೂಟರಿನಲ್ಲಿ, ಮೆಷಿನ್ ಮೇಲೆ ಒಂದೇ ಸಲ.

ಮೂರು ರಾಶಿ, ಮೂರು ಅಳತೆ

ಐದನೆಯ ದಾರಿಗೆ ಬಂದೆವು. ನಾನು ಸಣ್ಣ ಸಂಸ್ಥೆಗಳಿಗೆ ಹೇಳುವುದು ಇದನ್ನೇ. ಖರ್ಚನ್ನು ಒಂದೇ ರಾಶಿ ಮಾಡಬೇಡಿ, ಎರಡು ಮೂರು ರಾಶಿ ಮಾಡಿ. ಪ್ರತಿ ರಾಶಿಯನ್ನು ಯಾವುದು ತಿಂದು ಮುಗಿಸುತ್ತದೋ ಅದರ ಅಳತೆಯಲ್ಲೇ ಹಂಚಿ. ಹಾರ್ವರ್ಡ್‌ನ ರಾಬರ್ಟ್ ಕಪ್ಲಾನ್ ಮತ್ತು ರಾಬಿನ್ ಕೂಪರ್ 1980ರ ದಶಕದಲ್ಲಿ ಜನಪ್ರಿಯ ಮಾಡಿದ ಆ್ಯಕ್ಟಿವಿಟಿ ಬೇಸ್ಡ್ ಕಾಸ್ಟಿಂಗ್‌ನ ಮೂಲ ಯೋಚನೆ ಇದೇ. ಆದರೆ ಅದನ್ನು ಪೂರ್ತಿ ಮಾಡಲು ಹೋದರೆ ಹತ್ತಾರು ಚಟುವಟಿಕೆ ಪಟ್ಟಿ ಮಾಡಿ, ಎಲ್ಲ ಸಿಬ್ಬಂದಿಯನ್ನೂ ಕೂರಿಸಿ ಯಾವುದಕ್ಕೆ ಎಷ್ಟು ಪರ್ಸೆಂಟ್ ಸಮಯ ಕೊಟ್ಟೆ ಅಂತ ಕೇಳಬೇಕಾಗುತ್ತದೆ. ಎಷ್ಟೋ ದೊಡ್ಡ ಕಂಪನಿಗಳೇ ಸುಸ್ತಾಗಿ ಕೈಬಿಟ್ಟವು. ಅದಕ್ಕೇ 2004ರಲ್ಲಿ ಕಪ್ಲಾನ್ ಮತ್ತು ಸ್ಟೀವನ್ ಆಂಡರ್ಸನ್ ಸೇರಿ ಸರಳ ಮಾಡಿದರು. ಎರಡೇ ಅಂಕಿ ಸಾಕು: ಒಂದು ಗಂಟೆಗೆ ಎಷ್ಟು ಖರ್ಚು, ಕೆಲಸಕ್ಕೆ ಎಷ್ಟು ಗಂಟೆ. ನಮ್ಮಂಥವರಿಗೆ ಹೊಂದುವುದು ಈ ಸರಳ ರೂಪ.

ಗಂಟೆ ರೇಟು ಹಾಕುವಾಗ ಒಂದು ಎಚ್ಚರ. ಎಷ್ಟು ಗಂಟೆ ಬಳಕೆ ಆಯಿತೋ ಅದರಿಂದ ಭಾಗಿಸಬೇಡಿ, ಎಷ್ಟು ಗಂಟೆ ನಿಜವಾಗಿ ಕೆಲಸಕ್ಕೆ ಸಿಗುತ್ತಿತ್ತೋ ಅದರಿಂದ ಭಾಗಿಸಿ. ಮೂರು ತಿಂಗಳಲ್ಲಿ 75 ದಿನ, ದಿನಕ್ಕೆ ಎಂಟು ಗಂಟೆ, ಒಬ್ಬರಿಗೆ 600. ರಜೆ, ಟೀ, ಮೀಟಿಂಗು, ಟ್ರಾಫಿಕ್ಕು ಕಳೆದರೆ 500 ಇಟ್ಟುಕೊಳ್ಳೋಣ. ಕಪ್ಲಾನ್ ಕೂಡ ಜನರ ವಿಷಯದಲ್ಲಿ ನೂರಕ್ಕೆ 80ರ ಆಸುಪಾಸಿನ ಅಂದಾಜೇ ಕೊಡುತ್ತಾರೆ. ನಾಲ್ಕು ಜನರಿಗೆ 2,000 ಗಂಟೆ. 6 ಲಕ್ಷ ಭಾಗಿಸಿದರೆ ಗಂಟೆಗೆ 300 ರೂಪಾಯಿ. ಆಫೀಸಿಗೆ 1.2 ಲಕ್ಷ, ಕ್ಲಿನಿಕ್ಕಿಗೆ 1.2, ಮನೆಗೆ 2.4. ಬಳಕೆಯಾಗದ 400 ಗಂಟೆಯ 1.2 ಲಕ್ಷ ಯಾರ ಮೇಲೂ ಹಾಕಲಿಲ್ಲ, ಪಕ್ಕಕ್ಕಿಟ್ಟೆವು.

ಶೆಡ್ಡಿನ ರಾಶಿ ಮೆಷಿನ್ ಗಂಟೆ ಮೇಲೆ. ಕರೆಂಟ್ ಹೋಗುವುದು, ಬ್ಲೇಡ್ ಬದಲಿಸುವುದು, ಸೆಟ್ಟಿಂಗ್ ಎಲ್ಲ ಕಳೆದು ಮೂರು ತಿಂಗಳಿಗೆ 450 ಗಂಟೆ. 4.5 ಲಕ್ಷಕ್ಕೆ ಗಂಟೆಗೆ 1,000 ರೂಪಾಯಿ. ಆಫೀಸಿಗೆ 200 ಗಂಟೆ, ಕ್ಲಿನಿಕ್ಕಿಗೆ 60, ಮನೆಗೆ 100. ಖಾಲಿ 90 ಗಂಟೆಯ 90 ಸಾವಿರ ಮತ್ತೆ ಪಕ್ಕಕ್ಕೆ.

ಉಳಿದದ್ದು ಆಫೀಸು ಬಾಡಿಗೆ, ಆಡಿಟ್ ಥರದ 4.5 ಲಕ್ಷ. ಇದನ್ನು ಯಾವ ಕೆಲಸ ತಿಂದಿತು ಅಂತ ಯಾರಿಗೂ ಹೇಳಲು ಬರುವುದಿಲ್ಲ. ಹಾಗಾಗಿ ಬಿಲ್ಲಿನ ಮೇಲೆ 6 ಪರ್ಸೆಂಟ್ ಅಂತ ಹಾಕಿದೆವು. ಇದು ಅನುಕೂಲಕ್ಕೆ ಮಾಡಿದ್ದು. ಸರಿಯಾದ ಅಳತೆ ಸಿಗದ ಕಡೆ ಸುಲಭದ ಅಳತೆ ಬಳಸಿದರೆ ತಪ್ಪಿಲ್ಲ, ಆದರೆ ಆ ರಾಶಿ ಚಿಕ್ಕದಿರಬೇಕು.

ಲಾಭ ಎಷ್ಟು ಬಂತು ನೋಡಿ (ಲಕ್ಷಗಳಲ್ಲಿ):

| ಹಂಚಿದ ರೀತಿ | ಆಫೀಸು | ಕ್ಲಿನಿಕ್ | ಮನೆ |
|---|---|---|---|
| ಸಮಪಾಲು | 4.0 | 0.5 | 0.5 |
| ಬಿಲ್ಲಿನ ಮೇಲೆ | 1.0 | 1.5 | 2.5 |
| ನೇರ ಖರ್ಚಿನ ಮೇಲೆ | 0.55 | 1.55 | 2.9 |
| ಜನರ ಗಂಟೆ ಮೇಲೆ, ಒಂದೇ ರಾಶಿ | 5.25 | 1.75 | 2.0 ನಷ್ಟ |
| ಮೂರು ರಾಶಿ | 3.4 | 2.5 | 1.2 |

ಕೊನೆಯ ಸಾಲು ಕೂಡಿಸಿದರೆ 7.1 ಬರುತ್ತದೆ. ಅದರಲ್ಲಿ ಖಾಲಿ ಕೂತ ಗಂಟೆಗಳ 2.1 ಲಕ್ಷ ಕಳೆದರೆ ಅದೇ 5 ಲಕ್ಷ.

ಬಿಲ್ಲಿನ ಲೆಕ್ಕದಲ್ಲಿ ನೋಡಿದರೆ ಕ್ಲಿನಿಕ್ಕಿನಲ್ಲಿ ನೂರಕ್ಕೆ 12.5, ಆಫೀಸಿನಲ್ಲಿ 8.5, ಮನೆಯಲ್ಲಿ 8. ಯಾರೂ ಮಾತೇ ಆಡದಿದ್ದ ತುಮಕೂರಿನ ಕ್ಲಿನಿಕ್ಕೇ ಎಲ್ಲಕ್ಕಿಂತ ಒಳ್ಳೆಯ ಕೆಲಸ! ದೂರ ಅಂತ ಅಂಥ ಕೆಲಸವನ್ನು ಅವರು ಅದುವರೆಗೂ ತಪ್ಪಿಸಿಕೊಳ್ಳುತ್ತಲೇ ಬಂದಿದ್ದರು.

ಖಾಲಿ ಗಂಟೆ ಯಾರ ತಲೆಗೆ?

ಈ ಪ್ರಶ್ನೆಗೆ ಸ್ವಲ್ಪ ನಿಲ್ಲುತ್ತೇನೆ, ಯಾಕಂದ್ರೆ ಇಲ್ಲಿ ತಪ್ಪಿದರೆ ಏಟು ಜೋರಾಗಿ ಬೀಳುತ್ತದೆ.

ಮುಂದಿನ ಮೂರು ತಿಂಗಳು ಆರ್ಡರ್ ಕಡಿಮೆ ಬಂತು, ನಾಲ್ಕು ಜನರಿಂದ ಬಳಕೆಯಾಗಿದ್ದು 1,200 ಗಂಟೆ ಮಾತ್ರ ಅಂದುಕೊಳ್ಳಿ. ಸಂಬಳ ಅದೇ 6 ಲಕ್ಷ. ಬಳಸಿದ ಗಂಟೆಯಿಂದ ಭಾಗಿಸಿದರೆ ರೇಟು 300ರಿಂದ 500ಕ್ಕೆ ಏರುತ್ತದೆ. ಅಂಥದೇ 800 ಗಂಟೆಯ ಮನೆಗೆ 2.4 ಬದಲು 4 ಲಕ್ಷ. ಕೋಟೇಶನ್‌ನಲ್ಲಿ 1.6 ಲಕ್ಷ ಜಾಸ್ತಿ ಕೇಳುತ್ತೀರಿ. ಪಾರ್ಟಿ ಪಕ್ಕದವರ ಹತ್ತಿರ ಹೋಗುತ್ತಾರೆ. ಗಂಟೆ ಇನ್ನೂ ಕಡಿಮೆಯಾಗುತ್ತದೆ, ರೇಟು ಇನ್ನೂ ಏರುತ್ತದೆ. ಒಳ್ಳೆಯ ಕೆಲಸಗಾರರಿದ್ದೂ ಹೀಗೆ ಇಳಿಯುತ್ತಾ ಹೋದ ಅಂಗಡಿಗಳಿವೆ.

ಆ ಮನೆಯವರಿಗೂ ನಿಮ್ಮ ಖಾಲಿ ಗಂಟೆಗೂ ಏನು ಸಂಬಂಧ? ಆರ್ಡರ್ ತರದಿದ್ದದ್ದು, ಅಥವಾ ಜನ ಜಾಸ್ತಿ ಇಟ್ಟುಕೊಂಡದ್ದು ಮಾಲೀಕರ ವಿಷಯ. ಆ 2.1 ಲಕ್ಷವನ್ನು ಬೇರೆ ಸಾಲಿನಲ್ಲಿ, ಅವರ ಕಣ್ಣಿಗೆ ಬೀಳುವ ಹಾಗೆ ಬರೆಯಿರಿ. ಲೆಕ್ಕ ಶಾಸ್ತ್ರದ ನಿಯಮವೂ ಇದೇ ಕಡೆ ಇದೆ. ದಾಸ್ತಾನಿನ ಬೆಲೆ ಕಟ್ಟುವ ಎಎಸ್ 2 (ಅಕೌಂಟಿಂಗ್ ಸ್ಟ್ಯಾಂಡರ್ಡ್ 2) ಪ್ರಕಾರ, ಉತ್ಪಾದನೆಯ ಸ್ಥಿರ ಓವರ್‌ಹೆಡ್ಡನ್ನು ಮಾಮೂಲಿ ಸಾಮರ್ಥ್ಯದ ಮೇಲೆ ಹಂಚಬೇಕು, ಉತ್ಪಾದನೆ ತಗ್ಗಿತು ಅಂತ ಒಂದೊಂದು ವಸ್ತುವಿನ ಪಾಲು ಏರಿಸುವಂತಿಲ್ಲ.

ಸಾಫ್ಟ್‌ವೇರ್ ಕಂಪನಿಯವರಿಗೆ ಇದು ಹೊಸದಲ್ಲ. ಪ್ರಾಜೆಕ್ಟ್ ಇಲ್ಲದೆ ಬೆಂಚ್ ಮೇಲೆ ಕೂತವರ ಸಂಬಳ ಅಂತ ಅವರು ಬೇರೆಯೇ ನೋಡುತ್ತಾರೆ.

ಕೆಲಸ ಬಿಡಬೇಕಾ ಅಂತ ಕೇಳುವಾಗ ಬೇರೆ ಲೆಕ್ಕ

ನಾಲ್ಕನೆಯ ದಾರಿಯಲ್ಲಿ ಮನೆ 2 ಲಕ್ಷ ನಷ್ಟ ಅಂತ ಬಂತಲ್ಲ. ಅದನ್ನು ನಂಬಿ ಆ ಮನೆ ಕೆಲಸ ಹಿಡಿಯದೇ ಇದ್ದಿದ್ದರೆ ಏನಾಗುತ್ತಿತ್ತು? 15 ಲಕ್ಷದ ಓವರ್‌ಹೆಡ್ ಒಂದು ರೂಪಾಯಿ ಕಡಿಮೆ ಆಗುತ್ತಿರಲಿಲ್ಲ. ಬಾಡಿಗೆ ಅದೇ, ಸಂಬಳ ಅದೇ. ಮನೆಯಿಂದ ಬಂದ 5.5 ಲಕ್ಷ ಮಾತ್ರ ಇರುತ್ತಿರಲಿಲ್ಲ. 5 ಲಕ್ಷ ಲಾಭದ ಜಾಗದಲ್ಲಿ 50 ಸಾವಿರ ನಷ್ಟ. ಹಂಚಿದ ಲೆಕ್ಕದಲ್ಲಿ ನಷ್ಟ ತೋರಿಸಿದ ಕೆಲಸವನ್ನು ಬಿಟ್ಟರೆ ನಷ್ಟ ಹೋಗುತ್ತದೆ ಅಂತ ಅಂದುಕೊಳ್ಳುವುದು ದೊಡ್ಡ ತಪ್ಪು, ಮತ್ತು ಬಹಳ ಜನ ಮಾಡುವ ತಪ್ಪು.

ಹಾಗಾಗಿ ಪ್ರಶ್ನೆ ಯಾವುದು ಅಂತ ಮೊದಲು ನೋಡಿಕೊಳ್ಳಿ. ವರ್ಷಪೂರ್ತಿ ಯಾವ ಥರದ ಕೆಲಸದ ಹಿಂದೆ ಹೋಗಬೇಕು, ಕೋಟೇಶನ್ ಎಷ್ಟಕ್ಕೆ ಕೊಡಬೇಕು ಅಂತಾದರೆ ಮೂರು ರಾಶಿಯ ಪೂರ್ತಿ ಲೆಕ್ಕ ಬೇಕು. ಈ ತಿಂಗಳು ಕೈ ಖಾಲಿ ಇದೆ, ಒಂದು ಕಡಿಮೆ ರೇಟಿನ ಕೆಲಸ ಬಂದಿದೆ, ಹಿಡಿಯಲಾ ಬೇಡವಾ ಅಂತಾದರೆ ಹಂಚಿದ ಓವರ್‌ಹೆಡ್ ಪಕ್ಕಕ್ಕಿಟ್ಟು ನೇರ ಖರ್ಚು ಕಳೆದು ಉಳಿಯುವುದನ್ನೇ ನೋಡಿ. ಬಿಲ್ಲು 10 ಲಕ್ಷ, ನೇರ ಖರ್ಚು 9 ಲಕ್ಷ ಅಂತ ಇಟ್ಟುಕೊಳ್ಳಿ. 150 ಗಂಟೆ ಜನ, 40 ಗಂಟೆ ಮೆಷಿನ್, ಆಫೀಸು ಬಾಡಿಗೆ ಥರದ ರಾಶಿಗೆ ಬಿಲ್ಲಿನ 6 ಪರ್ಸೆಂಟ್ ಅಂತ ಹಾಕಿದರೆ ಓವರ್‌ಹೆಡ್ 1.45 ಲಕ್ಷ, ಲೆಕ್ಕದಲ್ಲಿ 45 ಸಾವಿರ ನಷ್ಟ. ಆದರೆ ಜನ, ಮೆಷಿನ್ ಎರಡೂ ಖಾಲಿ ಇದ್ದರೆ ಆ ಒಂದು ಲಕ್ಷ ಬಾಡಿಗೆಗಾದರೂ ಆಗುತ್ತದೆ. ಹಿಡಿಯಿರಿ. ಅದೇ ಗಂಟೆಗಳಿಗೆ ಬೇರೆ ಒಳ್ಳೆಯ ಕೆಲಸ ಕಾಯುತ್ತಿದ್ದರೆ ಬೇಡ. ಮತ್ತೆ ಇದನ್ನೇ ಅಭ್ಯಾಸ ಮಾಡಿಕೊಂಡರೆ ವರ್ಷದ ಕೊನೆಗೆ ಬಾಡಿಗೆ ಕಟ್ಟಲು ಯಾರೂ ಇರುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಎರಡು ಥರದ ಪ್ರಶ್ನೆಗೂ ಅನುಕೂಲವಾಗಲಿ ಅಂತ ನಾನು ಹಾಳೆಯಲ್ಲಿ ಲಾಭವನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸುತ್ತೇನೆ. ಮನೆಯದ್ದೇ ನೋಡಿ: ನೇರ ಖರ್ಚು ಕಳೆದು 5.5, ಜನರ ಗಂಟೆ ಮತ್ತು ಮೆಷಿನ್ ಗಂಟೆ ಕಳೆದು 2.1, ಆಫೀಸು ಬಾಡಿಗೆ, ಆಡಿಟ್ ಥರದ ರಾಶಿಯ ಪಾಲೂ ಕಳೆದು 1.2. ಯಾವ ಪ್ರಶ್ನೆಗೆ ಯಾವ ಮೆಟ್ಟಿಲು ಅಂತ ಅವರೇ ಈಗ ನೋಡಿಕೊಳ್ಳುತ್ತಾರೆ.

ನಿಮಗೆ ಯಾವುದು ಹೊಂದುತ್ತದೆ

ಸಾಫ್ಟ್‌ವೇರ್, ಆರ್ಕಿಟೆಕ್ಟ್, ಜಾಹೀರಾತು ಏಜೆನ್ಸಿ ಥರ ಜನರ ತಲೆಯೇ ಬಂಡವಾಳ ಆಗಿರುವ ಕಡೆ ಜನರ ಗಂಟೆ ಒಂದೇ ಸಾಕು, ಮೂರು ರಾಶಿ ಬೇಕಿಲ್ಲ. ಸೀನಿಯರ್ ಗಂಟೆಗೂ ಜೂನಿಯರ್ ಗಂಟೆಗೂ ಬೇರೆ ರೇಟು ಇಡಿ, ಇಲ್ಲದಿದ್ದರೆ ಸೀನಿಯರ್‌ಗಳನ್ನು ಜಾಸ್ತಿ ಕೇಳುವ ಪ್ರಾಜೆಕ್ಟು ಪುಕ್ಕಟೆ ಸವಾರಿ ಮಾಡುತ್ತದೆ.

ಪ್ರಿಂಟಿಂಗ್ ಪ್ರೆಸ್ಸು, ಫ್ಯಾಬ್ರಿಕೇಶನ್, ಮೆಷಿನ್ ಶಾಪ್ ಇದ್ದರೆ ಮೆಷಿನ್ ಗಂಟೆ ಮುಖ್ಯ. ದೊಡ್ಡ ಮೆಷಿನ್‌ಗೂ ಡ್ರಿಲ್ಲಿಂಗ್ ಮೆಷಿನ್‌ಗೂ ಒಂದೇ ರೇಟು ಹಾಕಬೇಡಿ. ಸೆಟ್ಟಿಂಗ್ ಸಮಯವನ್ನು ತಪ್ಪದೇ ಬರೆಯಿರಿ, ಹತ್ತು ಪೀಸಿನ ಆರ್ಡರಿಗೂ ಸಾವಿರ ಪೀಸಿನ ಆರ್ಡರಿಗೂ ಸೆಟ್ಟಿಂಗ್ ಹೊತ್ತು ಅಷ್ಟೇ ಹಿಡಿಯುತ್ತದೆ.

ಸ್ವಯಂಸೇವಾ ಸಂಸ್ಥೆಗಳಿಗೆ ಇದು ಇನ್ನೂ ಸೂಕ್ಷ್ಮ. ವಿದೇಶಿ ದೇಣಿಗೆಯಲ್ಲಿ ಆಡಳಿತ ಖರ್ಚಿನ ಮಿತಿಯನ್ನು ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) 2020ರ ತಿದ್ದುಪಡಿ 50ರಿಂದ 20 ಪರ್ಸೆಂಟಿಗೆ ಇಳಿಸಿತು. ಯಾವ ಸಿಬ್ಬಂದಿ ಯಾವ ಯೋಜನೆಗೆ ಎಷ್ಟು ದಿನ ದುಡಿದರು ಅನ್ನುವ ದಾಖಲೆಯೇ ಅವರಿಗೆ ಆಧಾರ. ದಾನಿಗಳು ಎಷ್ಟು ಪರ್ಸೆಂಟ್ ಕೊಡುತ್ತಾರೋ ಅಷ್ಟೇ ನಿಮ್ಮ ನಿಜವಾದ ಖರ್ಚು ಅಂತ ತಿಳಿಯಬೇಡಿ. ಒಳಗಿನ ಲೆಕ್ಕ ಬೇರೆ ಇಟ್ಟು ಎಷ್ಟು ಕಡಿಮೆ ಬೀಳುತ್ತಿದೆ ಅಂತ ಗೊತ್ತುಮಾಡಿಕೊಳ್ಳಿ.

ವರ್ಷಕ್ಕೆ ಐದಾರು ಕೆಲಸ, ಒಬ್ಬರೇ ಮಾಲೀಕರು, ಒಬ್ಬರು ಸಹಾಯಕರು ಅಂತಾದರೆ ಇಷ್ಟೆಲ್ಲ ಬೇಡ. ನೇರ ಖರ್ಚು ಸರಿಯಾಗಿ ಬರೆಯಿರಿ, ನಿಮ್ಮ ದಿನಗಳನ್ನು ಎಣಿಸಿ. ಸಾಕು.

ಇನ್ನೊಂದು ಮಾತು, ಆಡಿಟರ್ ಹತ್ತಿರ ಜಗಳ ಬೇಡ. ಇದು ನಿಮ್ಮ ಒಳಗಿನ ತಿಳಿವಳಿಕೆಗೆ ಮಾಡುವ ಲೆಕ್ಕ. ಕಂಟ್ರಾಕ್ಟುಗಳಿಗೆ ಸಂಬಂಧಿಸಿದ ಎಎಸ್ 7 ಪ್ರಕಾರ ಮಾರಾಟದ ಖರ್ಚು, ಖಾಲಿ ನಿಂತ ಮೆಷಿನ್ ಸವಕಳಿ, ಒಪ್ಪಂದದಲ್ಲಿ ಪಾರ್ಟಿಯೇ ಕೊಡುತ್ತೇನೆ ಅಂತ ಇಲ್ಲದ ಸಾಮಾನ್ಯ ಆಡಳಿತ ಖರ್ಚು ಇವನ್ನು ಕಂಟ್ರಾಕ್ಟಿನ ವೆಚ್ಚಕ್ಕೆ ಸೇರಿಸುವಂತಿಲ್ಲ. ಪುಸ್ತಕದಲ್ಲಿ ಬರುವ ಅಂಕಿ ಬೇರೆ, ಈ ಹಾಳೆಯ ಅಂಕಿ ಬೇರೆ. ಎರಡೂ ಒಟ್ಟು ಮೊತ್ತದಲ್ಲಿ ತಾಳೆಯಾದರೆ ಆಯಿತು.

ಗಂಟೆ ಬರೆಸುವುದು ಹೇಗೆ

ಎಲ್ಲರೂ ಸೋಲುವುದು ಇಲ್ಲೇ. ಮೊದಲು ಮೊಬೈಲ್ ಆ್ಯಪ್ ಹಾಕಿಸಿದೆವು, ಎರಡು ವಾರದಲ್ಲಿ ಬಿಟ್ಟರು. ಆಮೇಲೆ ಒಂದು ಎ4 ಹಾಳೆ. ಎಡಗಡೆ ಕೆಲಸದ ಹೆಸರು, ಮೇಲೆ ವಾರದ ದಿನಗಳು. ಅರ್ಧ ದಿನ ಅಂದರೆ ಒಂದು ಗೀಟು, ಪೂರ್ತಿ ದಿನ ಅಂದರೆ ಎರಡು. ನಿಮಿಷದ ಲೆಕ್ಕ ಬೇಡ. ಶೆಡ್ಡಿನಲ್ಲಿ ಎಡ್ಜ್ ಬ್ಯಾಂಡಿಂಗ್ ಮೆಷಿನ್ ಪಕ್ಕದ ಕಂಬಕ್ಕೆ ಒಂದು ಹಾಳೆ ಅಂಟಿಸಿ, ದಾರ ಕಟ್ಟಿದ ಪೆನ್ನು ತೂಗುಹಾಕಿದೆವು. ಶನಿವಾರ ಬಟವಾಡೆಗೆ ಮೊದಲು ಸೂಪರ್‌ವೈಸರ್ ಆ ಹಾಳೆ ತಂದು ಕೊಡಬೇಕು. ಬಟವಾಡೆ ದಿನ ಆದ್ದರಿಂದ ಯಾರೂ ಮರೆಯುವುದಿಲ್ಲ.

ಸಿಬ್ಬಂದಿಗೆ ಒಂದು ಮಾತು ಮೊದಲೇ ಹೇಳಿ. ಇದು ನಿಮ್ಮನ್ನು ಹಿಡಿಯಲು ಅಲ್ಲ, ಪಾರ್ಟಿ ಎಷ್ಟು ಹೊತ್ತು ತಿಂದರು ಅಂತ ತಿಳಿಯಲು ಅಂತ. ಹೇಳದಿದ್ದರೆ ಎಲ್ಲರ ಹಾಳೆಯೂ ದಿನಕ್ಕೆ ಸರಿಯಾಗಿ ಎಂಟು ಗಂಟೆ ತುಂಬಿ ಬರುತ್ತದೆ, ಖಾಲಿ ಗಂಟೆ ಎಲ್ಲೂ ಕಾಣುವುದೇ ಇಲ್ಲ. ಗಂಟೆ ರೇಟನ್ನು ವರ್ಷಕ್ಕೊಮ್ಮೆ, ಏಪ್ರಿಲ್‌ನಲ್ಲಿ ಹಾಕಿ ಬಿಟ್ಟುಬಿಡಿ. ತಿಂಗಳು ತಿಂಗಳು ಬದಲಿಸಿದರೆ ಹೋದ ಕೆಲಸಕ್ಕೂ ಈಗಿನ ಕೆಲಸಕ್ಕೂ ಹೋಲಿಕೆ ಸಿಗುವುದಿಲ್ಲ.

ಆ ಮಾಲೀಕರು ಮನೆ ಕೆಲಸ ಬಿಡಲಿಲ್ಲ. ಕೋಟೇಶನ್ ಕೆಳಗೆ ಒಂದು ಸಾಲು ಸೇರಿಸಿದರು: ಡಿಸೈನ್ ಎರಡು ಸಲ ಬದಲಾಯಿಸಿಕೊಡುತ್ತೇವೆ, ಮೂರನೆಯ ಸಲದಿಂದ ಗಂಟೆಗೆ 500 ರೂಪಾಯಿ. ಮುಂದಿನ ಮನೆಯ ಯಜಮಾನರು ಆ ಸಾಲು ಓದಿ, ಪಕ್ಕದಲ್ಲಿ ಕೂತಿದ್ದ ಹೆಂಡತಿ ಕಡೆ ತಿರುಗಿ, "ನೋಡು, ಇಲ್ಲೇ ಕೂತು ಈಗಲೇ ಯೋಚನೆ ಮಾಡಿಬಿಡೋಣ" ಅಂದರಂತೆ. ಆ ಮನೆಗೆ ಹಿಡಿದದ್ದು 520 ಗಂಟೆ.